ಹಣ್ಣು, ಬೆಲ್ಲ, ತಂಬಾಕು: ಒಂದು ಸೆಂಟು ಮತ್ತು ಅದನ್ನು ಹಾಕಿಕೊಂಡವರು

ತಂಬಾಕಿನ ಸೆಂಟು ಎಂದರೆ ನಮ್ಮ ಕಡೆಯವರು ಮೊದಲು ಮೂಗು ಮುರಿಯುತ್ತಾರೆ. ಮಣಿಕಟ್ಟಿನ ಮೇಲೆ ಒಂದೆರಡು ಹನಿ ಬಿದ್ದ ಮೇಲೆ ಅದೇ ಮೂಗನ್ನು ಮತ್ತೆ ಮತ್ತೆ ಕೈಯ ಹತ್ತಿರ ತರುತ್ತಾರೆ. ನನ್ನ ಬಳಿ ಇರುವ ಬಾಟಲಿಯೊಂದರ ವಿಷಯದಲ್ಲಿ ಇದು ಎಷ್ಟೋ ಸಲ ನಡೆದಿದೆ. ಭಟ್ಕಳದಲ್ಲಿ ಅತ್ತರು ಮತ್ತು ದುಬೈ ಸಾಮಾನು ಮಾರುವ ಅಂಗಡಿಯಿಂದ ಭಾವ ತಂದುಕೊಟ್ಟ ಪರ್ಫ್ಯೂಮ್ ಅದು. ಹೆಂಗಸರಿಗೆ, ಗಂಡಸರಿಗೆ ಎಂಬ ವಿಂಗಡಣೆಯಿಲ್ಲದ ಯುನಿಸೆಕ್ಸ್ ಜಾತಿಯದು. ಪೆಟ್ಟಿಗೆಯ ಮೇಲೆ ತಂಬಾಕಿನ ಎಲೆ, ಒಣಹಣ್ಣು, ಜೇನು, ವೆನಿಲ್ಲಾ, ಟೋಂಕಾ ಬೀಜ ಎಂದು ಬರೆದಿದ್ದಾರೆ. ಇದೇ ಬಗೆಯ ಸುಗಂಧಗಳು ಈಗ ಹತ್ತಾರು ಹೆಸರುಗಳಲ್ಲಿ ಸಿಗುವುದರಿಂದ ಇದರ ಹೆಸರು ಹೇಳುವುದರಿಂದ ಓದುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ನನಗೆ ಬರೆಯಬೇಕೆನಿಸಿದ್ದು, ಅದನ್ನು ಹಾಕಿಕೊಂಡ ನಮ್ಮ ಮನೆಯವರು, ನೆಂಟರು ಮತ್ತು ಕಾರವಾರದ ನಮ್ಮ ಕಚೇರಿಯವರು ಹೇಳಿದ ಮಾತುಗಳ ಬಗ್ಗೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ತಾಳೆಯಾಗುವುದಿಲ್ಲ. ಆದರೂ ಆ ಮಾತುಗಳಲ್ಲಿ ಯಾವುದೂ ಸುಳ್ಳಲ್ಲ ಎಂದು ಈಗ ನನಗೆ ಖಚಿತವಾಗಿದೆ.

ಹಾಕಿಕೊಂಡ ಕೂಡಲೇ ಬರುವುದು ಸ್ಪಿರಿಟ್ಟಿನ ಘಾಟು. ಅದು ಹಾರಿಹೋದ ಮೇಲೆ ಬರುವುದು ಹಣ್ಣು. ಯಾವ ಹಣ್ಣು ಎಂಬಲ್ಲಿಂದಲೇ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಪ್ಲಮ್ ಮತ್ತು ಅಂಜೂರಗಳಿವೆ, ಆದರೆ ಪ್ಲಮ್ ಹಣ್ಣನ್ನು ದಿನನಿತ್ಯ ತಿಂದು ಬೆಳೆದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಬನವಾಸಿ ಕಡೆಯ ಗೆಳತಿ ಅನಾನಸು ಅಂದಳು, ಅದೂ ಗದ್ದೆಯಲ್ಲೇ ಮಾಗಿ ಒಂದು ಬದಿ ಮೆತ್ತಗಾದ ಅನಾನಸು. ನನ್ನ ಗಂಡನಿಗೆ ಬಿಸಿಲಲ್ಲಿ ಬಿದ್ದ ಗೇರುಹಣ್ಣಿನ ನೆನಪಾಯಿತು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಅಂಕೋಲೆಯವರು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿ, ಹುಲ್ಲಿನಲ್ಲಿ ಅಡೆ ಹಾಕಿದ ಕರಿ ಇಷಾಡ ಮಾವಿನ ಹಣ್ಣು ಅಂದರು. ಬರೀ ಮಾವಿನ ಹಣ್ಣಲ್ಲ, ಹುಲ್ಲು ಸಮೇತ ಎಂದು ಅವರೇ ಒತ್ತಿ ಹೇಳಿದರು. ನಾನು ಕೇಳಿದ ವರ್ಣನೆಗಳಲ್ಲೆಲ್ಲ ಇದು ನನಗೆ ಅತ್ಯಂತ ನಿಖರವೆನಿಸಿದ್ದಕ್ಕೆ ಕಾರಣವಿದೆ. ಇಂಥ ಸುಗಂಧಗಳ ಬೆನ್ನೆಲುಬು ಕೂಮರಿನ್ ಎಂಬ ವಸ್ತು. ದಕ್ಷಿಣ ಅಮೆರಿಕದ ಟೋಂಕಾ ಬೀಜದಿಂದ ಅದನ್ನು 1820ರಲ್ಲಿ ಬೇರ್ಪಡಿಸಿದರು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1882ರಲ್ಲಿ ಊಬಿಗಾಂ ಎಂಬ ಫ್ರೆಂಚ್ ಸುಗಂಧ ಸಂಸ್ಥೆಯ 'ಫೂಜೇರ್ ರೊಯಾಲ್' ಎಂಬ ಸುಗಂಧದಲ್ಲಿ ಆ ಕೃತಕ ಕೂಮರಿನ್ ಸೇರಿತು. ಕೂಮರಿನ್ನಿನ ಪರಿಮಳ ಎಂದರೆ ಹೊಸದಾಗಿ ಕೊಯ್ದು ಒಣಗಿಸಿದ ಹುಲ್ಲಿನದು, ಅದರಲ್ಲಿ ಸ್ವಲ್ಪ ಬಾದಾಮಿ, ಸ್ವಲ್ಪ ವೆನಿಲ್ಲಾ, ಸ್ವಲ್ಪ ತಂಬಾಕು. ಪೆಟ್ಟಿಗೆಯಲ್ಲಿ ಎಲ್ಲಿಯೂ ಹುಲ್ಲು ಎಂದು ಬರೆದಿರಲಿಲ್ಲ. ಅಂಕೋಲೆಯ ಮೂಗು ಅದನ್ನು ಹುಡುಕಿ ತೆಗೆಯಿತು.

ಹಣ್ಣು ಮತ್ತು ತಂಬಾಕು ಹೇಗೆ ಹೊಂದಿಕೊಂಡವು ಎಂದು ಬಹಳ ಮಂದಿ ಕೇಳಿದ್ದಾರೆ. ಒಂದು ತಿನ್ನುವ ವಸ್ತು, ಇನ್ನೊಂದು ಉಗುಳುವ ವಸ್ತು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಎಲೆಯ ಒಳಗೆ ನಡೆಯುವುದನ್ನು ತಿಳಿದರೆ ಈ ಆಶ್ಚರ್ಯ ಕಡಿಮೆಯಾಗುತ್ತದೆ. ಹಸಿ ತಂಬಾಕಿನ ಎಲೆಗೆ ನಾವು ತಂಬಾಕು ಎಂದು ಗುರುತಿಸುವ ಪರಿಮಳವಿರುವುದಿಲ್ಲ. ಇರುವುದು ಹಸಿ ಸೊಪ್ಪಿನ ವಾಸನೆ. ನಿಪ್ಪಾಣಿಯ ಸುತ್ತ ಬೀಡಿ ತಂಬಾಕನ್ನು ಬಿಸಿಲಲ್ಲಿ ಒಣಗಿಸುವಾಗ, ಹುಣಸೂರು ಮತ್ತು ಪಿರಿಯಾಪಟ್ಟಣದ ಬ್ಯಾರನ್ನುಗಳಲ್ಲಿ ಸೌದೆ ಉರಿಸಿ ಬಿಸಿಗಾಳಿಯಲ್ಲಿ ಹದ ಮಾಡುವಾಗ, ಆಮೇಲೆ ತಿಂಗಳುಗಟ್ಟಲೆ ಮೂಟೆ ಕಟ್ಟಿ ಇಟ್ಟಾಗ, ಎಲೆಯ ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೊಟಿನಾಯ್ಡುಗಳು ಒಡೆದು ಚೂರಾಗುತ್ತವೆ. ಆ ಚೂರುಗಳಲ್ಲಿ ಅಯೊನೋನ್ ಎಂಬವಿವೆ, ಡಮಾಸ್ಕೆನೋನ್ ಎಂಬುದಿದೆ. ಡಮಾಸ್ಕೆನೋನನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ, ಸುಮಾರು 1970ರ ಹೊತ್ತಿಗೆ. ಅದರ ಪರಿಮಳದಲ್ಲಿ ಬೇಯಿಸಿದ ಸೇಬು, ಪ್ಲಮ್, ಗುಲಾಬಿ, ತಂಬಾಕು ಎಲ್ಲವೂ ಒಟ್ಟಿಗೆ ಇವೆ. ಲಕ್ಷ ಕೋಟಿ ಪಾಲು ನೀರಿನಲ್ಲಿ ಕೇವಲ 2 ಪಾಲಿನಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ಹಾಗಾಗಿ ಹಣ್ಣನ್ನು ತಂಬಾಕಿಗೆ ಹೊರಗಿನಿಂದ ತಂದು ಬೆರೆಸಿದ್ದಾರೆ ಎನ್ನುವುದು ಅರ್ಧ ಸತ್ಯ. ಹದವಾಗಿ ಒಣಗಿದ ಎಲೆಯಲ್ಲಿ ಹಣ್ಣಿನ ಅಂಶ ಮೊದಲೇ ಇದೆ. ಸುಗಂಧ ಕಟ್ಟುವವರು ಅದನ್ನು ಎತ್ತಿ ಮುಂದೆ ತಂದಿದ್ದಾರೆ.

ಈ ಮಾತು ನನಗೆ ಪುಸ್ತಕದ ಮಾತಾಗಿ ಉಳಿಯದಂತೆ ಮಾಡಿದವರು ನನ್ನ ಆಯಿ, ಎಂದರೆ ಅಮ್ಮ. ಶಿರಸಿಯ ತೋಟದ ಮನೆಗೆ ಹೋದಾಗ ಅವರ ಸೆರಗಿನ ತುದಿಗೆ ಸ್ವಲ್ಪ ಸಿಂಪಡಿಸಿದೆ. ಕಾಲು ಗಂಟೆ ಏನೂ ಹೇಳಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು, "ನಮ್ಮನೆ ವೆನಿಲ್ಲಾ ಪೆಟ್ಟಿಗೆ ವಾಸನೆ ಬತ್ತಲೇ ತಂಗಿ" ಅಂದರು. ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆ ತೋಟಗಳಿಗೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿದ್ದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಮರೆತಿಲ್ಲ. ಹಸಿ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಬಂದ ಕಾಲವದು. ಆಮೇಲೆ ಅದೇ ವೇಗದಲ್ಲಿ ಬೆಲೆ ಕುಸಿದು, ಬಳ್ಳಿಯನ್ನು ಕಿತ್ತೆಸೆದವರೂ ಇದ್ದಾರೆ. ವೆನಿಲ್ಲಾ ಹೂವು ಅರಳುವುದು ಒಂದೇ ಬೆಳಗಿಗೆ. ನಮ್ಮ ನಾಡಿನಲ್ಲಿ ಅದಕ್ಕೆ ಪರಾಗ ಮುಟ್ಟಿಸುವ ಅದರದೇ ದುಂಬಿ ಇಲ್ಲದ್ದರಿಂದ, ಪ್ರತಿ ಹೂವನ್ನೂ ಕೈಯಿಂದಲೇ ಗರ್ಭಕಟ್ಟಿಸಬೇಕು. ಬಿದಿರಿನ ಕಡ್ಡಿಯನ್ನು ಚೂಪಾಗಿ ಹೆರೆದುಕೊಂಡು, ಹೂವಿನ ನಡುವಿನ ತೆಳ್ಳನೆಯ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವ ಆ ಕೆಲಸವನ್ನು ಆಯಿ ಎಷ್ಟು ಬೇಗ ಮಾಡುತ್ತಿದ್ದರೆಂದರೆ, ಹಿಂದೆ ಬುಟ್ಟಿ ಹಿಡಿದು ನಡೆಯುತ್ತಿದ್ದ ನಮಗೆ ಅವರ ಬೆರಳು ಮುಂದಿನ ಹೂವಿಗೆ ಹೋದದ್ದೇ ತಿಳಿಯುತ್ತಿರಲಿಲ್ಲ. ಆ ವಿಧಾನವನ್ನು 1841ರಲ್ಲಿ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ, ಎಡ್ಮಂಡ್ ಆಲ್ಬಿಯಸ್. ಇವತ್ತಿಗೂ ಜಗತ್ತಿನ ವೆನಿಲ್ಲಾ ಬೆಳೆ ಅವನ ಬೆರಳಿನ ಆ ಒಂದು ಚಲನೆಯ ಮೇಲೆ ನಿಂತಿದೆ.

ಒಂಬತ್ತು ತಿಂಗಳು ಕಳೆದು ಕೊಯ್ದ ಹಸಿರು ಕೋಡಿಗೂ ಪರಿಮಳವಿರುವುದಿಲ್ಲ. ಅಪ್ಪಯ್ಯ ಅದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಕಂಬಳಿಯಲ್ಲಿ ಸುತ್ತಿ ಬೆವರಲು ಬಿಟ್ಟು, ಹಗಲು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಕಂಬಳಿಗೆ ಸೇರಿಸುತ್ತಿದ್ದರು. ಕೋಡು ಕಂದುಬಣ್ಣಕ್ಕೆ ತಿರುಗಿ, ಚರ್ಮ ಸುಕ್ಕುಗಟ್ಟಿ, ಬೆರಳಿಗೆ ಎಣ್ಣೆ ಹತ್ತುವಂತಾದ ಮೇಲೆ ಮರದ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲಿಡುತ್ತಿದ್ದರು. ಅಟ್ಟದ ಹೊಗೆ, ಹಳೆಯ ಮರ, ಮಾಗಿದ ವೆನಿಲ್ಲಾ, ಪಕ್ಕದಲ್ಲೇ ಒಣಗಲು ಹಾಕಿದ ಅಡಿಕೆ, ಇವೆಲ್ಲ ಬೆರೆತ ಆ ಪೆಟ್ಟಿಗೆಯನ್ನು ತೆರೆದಾಗ ಬರುತ್ತಿದ್ದ ಪರಿಮಳವೇ ತನ್ನ ಸೆರಗಿನಿಂದ ಬರುತ್ತಿದೆ ಎಂದು ಆಯಿ ಹೇಳಿದಾಗ, ನಾನು ಅಲ್ಲಿಯವರೆಗೆ ತಂಬಾಕು ಎಂದುಕೊಂಡಿದ್ದ ಭಾಗದಲ್ಲಿ ಎಷ್ಟೊಂದು ವೆನಿಲ್ಲಾ ಇದೆ ಎಂಬುದು ನನಗೂ ಕಂಡಿತು. ತಂಬಾಕು, ವೆನಿಲ್ಲಾ, ಟೋಂಕಾ ಮೂರೂ ಹಸಿಯಲ್ಲಿ ಪರಿಮಳಿಸದೆ ಒಣಗುತ್ತ ಪರಿಮಳ ಕಟ್ಟುವಂಥವು; ಮೂರರ ಮೂಲವೂ ಅಮೆರಿಕ ಖಂಡಗಳು. ನಮ್ಮ ಕರಾವಳಿಗೆ ಗೇರನ್ನೂ ಅನಾನಸನ್ನೂ ತಂದ ಪೋರ್ಚುಗೀಸರೇ ತಂಬಾಕನ್ನೂ ತಂದರು. 1604ರ ಸುಮಾರಿಗೆ ಅಸದ್ ಬೇಗ್ ಎಂಬ ಅಧಿಕಾರಿ ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಕೊಂಡೊಯ್ದದ್ದು ನಮ್ಮ ಬಿಜಾಪುರದಿಂದ. ಗೇರುಹಣ್ಣು, ಅನಾನಸು, ತಂಬಾಕು ಒಂದೇ ಬಾಟಲಿಯಲ್ಲಿ ನಮ್ಮವರಿಗೆ ಕಾಣಿಸಿದ್ದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಹಿತ್ತಿಲುಗಳಲ್ಲಿ ಅವು ನಾಲ್ಕು ನೂರು ವರ್ಷಗಳಿಂದ ನೆರೆಹೊರೆಯವು.

ಒಬ್ಬರ ಮೈಮೇಲೆ ಹಣ್ಣು ಬೇಗ ಹೋಗಿ ತಂಬಾಕು ಉಳಿಯುತ್ತದೆ, ಇನ್ನೊಬ್ಬರ ಮೈಮೇಲೆ ಸಂಜೆಯವರೆಗೂ ಹಣ್ಣೇ ಇರುತ್ತದೆ. ಇದನ್ನು ನಾನು ಎದುರಿಗೇ ನೋಡಿದ್ದೇನೆ. ನಾನೂ ನನ್ನ ಅತ್ತಿಗೆಯೂ ಒಂದೇ ಹೊತ್ತಿಗೆ, ಒಂದೇ ಬಾಟಲಿಯಿಂದ, ಮಣಿಕಟ್ಟಿನ ಅದೇ ಜಾಗಕ್ಕೆ ಹಾಕಿಕೊಂಡು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆವು. ಶಿರಸಿ ತಲುಪುವ ಹೊತ್ತಿಗೆ ನನ್ನ ಕೈಯಲ್ಲಿ ಜೇನು ಮತ್ತು ಎಲೆ, ಅವರ ಕೈಯಲ್ಲಿ ಇನ್ನೂ ಒಣದ್ರಾಕ್ಷಿ. ಚರ್ಮದ ಎಣ್ಣೆ, ಬೆವರು, ಶಾಖ ಇವುಗಳಲ್ಲಿರುವ ವ್ಯತ್ಯಾಸ ಇದಕ್ಕೆ ಕಾರಣ. ಎಣ್ಣೆಯಂಶವಿರುವ ಚರ್ಮದಲ್ಲಿ ಸುಗಂಧ ಹೆಚ್ಚು ಹೊತ್ತು ನಿಲ್ಲುತ್ತದೆ, ಒಣ ಚರ್ಮದಿಂದ ಬೇಗ ಆರಿಹೋಗುತ್ತದೆ. ಅನಾನಸು, ಬಾಳೆ, ಹಲಸಿನ ಪರಿಮಳಗಳಲ್ಲಿ ದೊಡ್ಡ ಪಾಲು ಹೊಂದಿರುವ ಎಸ್ಟರುಗಳು ಹಗುರವಾದ್ದರಿಂದ ಮೊದಲು ಹೋಗುವುದು ಅವೇ. ಪೀಚ್, ಏಪ್ರಿಕಾಟ್ ಹಣ್ಣುಗಳ ವಾಸನೆ ಕೊಡುವ ಲ್ಯಾಕ್ಟೋನುಗಳು ಅವಕ್ಕಿಂತ ಭಾರ, ನಡುಹೊತ್ತಿನವರೆಗೆ ಬರುತ್ತವೆ. ವೆನಿಲಿನ್, ಕೂಮರಿನ್, ಕಸ್ತೂರಿಯನ್ನು ಹೋಲುವ ಕೃತಕ ವಸ್ತುಗಳು ಕೊನೆಯಲ್ಲಿ ಉಳಿಯುತ್ತವೆ. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಎರಡು ನಿಮಿಷದಲ್ಲಿ ತೀರ್ಪು ಕೊಡುವವರು ಕೇಳಿದ್ದು ಎಸ್ಟರುಗಳ ಮಾತು ಮಾತ್ರ.

ದವನದ ವಿಷಯವನ್ನು ಇಲ್ಲಿ ಹೇಳದೆ ಇರಲಾರೆ. ಚೈತ್ರದ ಹುಣ್ಣಿಮೆಯ ಹೊತ್ತಿಗೆ ದೇವರಿಗೆ ಏರಿಸುವ, ಹೂವಿನ ದಂಡೆಯಲ್ಲಿ ಮಲ್ಲಿಗೆಯ ನಡುವೆ ಸೇರಿಸಿ ಕಟ್ಟುವ ನಮ್ಮ ದವನದ ಎಣ್ಣೆ ಜಗತ್ತಿನ ಸುಗಂಧ ಉದ್ಯಮದಲ್ಲಿ ದೊಡ್ಡ ಹೆಸರು. ಅದರ ವ್ಯವಸಾಯ ನಡೆಯುವ ಮುಖ್ಯ ಜಾಗಗಳಲ್ಲಿ ಕರ್ನಾಟಕವೂ ಒಂದು. ಎಣ್ಣೆಯ ಮುಖ್ಯ ಅಂಶಕ್ಕೆ ದವನೋನ್ ಎಂದೇ ಹೆಸರಿಟ್ಟಿದ್ದಾರೆ. ಸೊಪ್ಪನ್ನು ಉಜ್ಜಿದಾಗ ನಮಗೆ ಬರುವ ಆ ತೀಕ್ಷ್ಣ ಪರಿಮಳ ಎಣ್ಣೆಯಾದಾಗ ಏಪ್ರಿಕಾಟ್, ಒಣದ್ರಾಕ್ಷಿ, ರಮ್ ಇವುಗಳ ಕಡೆಗೆ ತಿರುಗುತ್ತದೆ. ತಂಬಾಕಿಗೆ ಪರಿಮಳ ಕೊಡುವುದಕ್ಕೂ, ಹಣ್ಣಿನ ಸುಗಂಧಗಳಿಗೂ ಅದನ್ನು ಬಳಸುತ್ತಾರೆ. ದವನದ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಅರಳುತ್ತದೆ ಎಂಬ ಮಾತು ಸುಗಂಧ ಕಟ್ಟುವವರ ನಡುವೆ ಬಹುಕಾಲದಿಂದ ಇದೆ. ಶಿರಸಿ ಪೇಟೆಯಲ್ಲಿ ಕೊಂಡ ದವನದ ಕಟ್ಟನ್ನು ಸಂಜೆ ಜಡೆಯಿಂದ ತೆಗೆದಾಗ, ಬಾಡಿದ ಎಲೆಯಿಂದ ಬರುವ ಸಿಹಿ ವಾಸನೆಯನ್ನು ಗಮನಿಸಿದವರಿಗೆ ನನ್ನ ಬಾಟಲಿಯ ಪರಿಮಳ ಪೂರ್ತಿ ಪರಕೀಯ ಎನಿಸುವುದಿಲ್ಲ. ನನಗಂತೂ ಅನಿಸಲಿಲ್ಲ.

ಚರ್ಮದಷ್ಟೇ ಮೂಗೂ ಬೇರೆ ಬೇರೆ. ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆಯವು ಇವೆ, ಮತ್ತು ಎಲ್ಲರಲ್ಲಿಯೂ ಅವು ಒಂದೇ ತೆರನಾಗಿ ಕೆಲಸ ಮಾಡುವುದಿಲ್ಲ. ಅಯೊನೋನ್ ಎಂದು ಮೇಲೆ ಹೇಳಿದೆನಲ್ಲ, ತಂಬಾಕಿನ ಎಲೆಯಲ್ಲಿಯೂ ನೇರಳೆ ಬಣ್ಣದ ವಯೊಲೆಟ್ ಹೂವಿನ ಪರಿಮಳದಲ್ಲಿಯೂ ಇರುವ ಆ ವಸ್ತುವಿನ ಬಗ್ಗೆ 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಒಂದೇ ಒಂದು ಗ್ರಾಹಕದ ವಂಶವಾಹಿಯಲ್ಲಿರುವ ಚಿಕ್ಕ ವ್ಯತ್ಯಾಸದಿಂದ ಕೆಲವರಿಗೆ ಬೀಟಾ ಅಯೊನೋನ್ ಹೂವಿನಂತೆ ಸ್ಪಷ್ಟವಾಗಿ ತಿಳಿಯುತ್ತದೆ, ಇನ್ನು ಕೆಲವರಿಗೆ ಬಹಳ ಹೆಚ್ಚಿನ ಪ್ರಮಾಣದಲ್ಲಿದ್ದರೆ ಮಾತ್ರ ತಿಳಿಯುತ್ತದೆ, ತಿಳಿದಾಗಲೂ ಹುಳಿಹುಳಿಯಾಗಿ ಅಹಿತವೆನಿಸುತ್ತದೆ ಎಂದು ತೋರಿಸಿತು. ಇದನ್ನು ಓದಿದ ಮೇಲೆ, ನಮ್ಮ ಮನೆಯ ಕಿರಿಯ ಹುಡುಗನೊಬ್ಬ ಈ ಸೆಂಟನ್ನು ಮೂಸಿ "ವಿನೆಗರ್ ವಾಸನೆ" ಎಂದಾಗ ಅವನ ಅಮ್ಮನಂತೆ ನಾನು ಗದರಿಸಲಿಲ್ಲ. ಅವನ ಮೂಗಿಗೆ ಅದು ನಿಜವಾಗಿಯೂ ಹಾಗೆಯೇ ಇರಬಹುದು. ಇನ್ನೊಂದು ಸಂಗತಿಯೂ ಇದೆ: ಎಡೆಬಿಡದೆ ಬರುವ ವಾಸನೆಗೆ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡು ಅದನ್ನು ಗಣನೆಗೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಹಾಕಿಕೊಂಡವರು "ಹೋಗಿಯೇ ಬಿಟ್ಟಿತು" ಎನ್ನುವಾಗ ಎದುರಿಗೆ ಕುಳಿತವರಿಗೆ ತಲೆ ಹಿಡಿಯುವಷ್ಟು ಇರುವುದು ಇದೇ ಕಾರಣಕ್ಕೆ. ಸುಗಂಧವೊಂದರ ಬಗ್ಗೆ ಹಾಕಿಕೊಂಡವರ ಮಾತನ್ನು ಮಾತ್ರ ಕೇಳುವುದು ಸಾಲದು, ಜೊತೆಗಿದ್ದವರನ್ನೂ ಕೇಳಬೇಕು.

ಇದು ಗಂಡಸರ ಸೆಂಟೋ ಹೆಂಗಸರ ಸೆಂಟೋ ಎಂಬ ಪ್ರಶ್ನೆಯನ್ನು ಕಚೇರಿಯ ಕಿರಿಯರು ಕೇಳಿದಷ್ಟು ಊರಿನ ಹಿರಿಯರು ಕೇಳಲಿಲ್ಲ. ತಂಬಾಕನ್ನು ಗಂಡಸಿನ ಪರಿಮಳವೆಂದು ಎಣಿಸುವ ರೂಢಿ ಬೆಳೆದದ್ದು ಸಿಗಾರು, ಪೈಪು, ಚರ್ಮದ ಕುರ್ಚಿಗಳ ಜಗತ್ತಿನಲ್ಲಿ. ಅಲ್ಲಿಯೂ ಅದು ಪೂರ್ತಿ ನಿಜವಾಗಿರಲಿಲ್ಲ. ಪ್ಯಾರಿಸ್ಸಿನ ಕಾರೋನ್ ಸಂಸ್ಥೆಯ ಎರ್ನೆಸ್ಟ್ ಡಾಲ್ಟ್ರೋಫ್ 1919ರಲ್ಲಿ ಕಟ್ಟಿದ 'ತಬಾ ಬ್ಲೋಂ' ಹೆಂಗಸರನ್ನೇ ಉದ್ದೇಶಿಸಿದ್ದು. ಮೊಲಿನಾರ್ ಸಂಸ್ಥೆಯ 'ಹಬಾನಿಟಾ' 1921ರಲ್ಲಿ ಬಂದಾಗ ಅದನ್ನು ಹೆಂಗಸರು ತಮ್ಮ ಸಿಗರೇಟುಗಳಿಗೆ ಪರಿಮಳ ಕೊಡಲು ಬಳಸುತ್ತಿದ್ದರು. 2007ರಲ್ಲಿ ಟಾಮ್ ಫೋರ್ಡ್ ಸಂಸ್ಥೆ 'ಟೊಬ್ಯಾಕೊ ವನೀಲ್' ಎಂಬುದನ್ನು ಯುನಿಸೆಕ್ಸ್ ಎಂದೇ ಮಾರಿತು. ಸಿಹಿಯಾದ, ಒಣಹಣ್ಣಿನ ತಂಬಾಕು ಸುಗಂಧಗಳ ಈಚಿನ ಸಾಲಿನಲ್ಲಿ ಅದರ ನೆರಳಿಲ್ಲದವು ಕಡಿಮೆ. ನಮ್ಮ ಕಡೆಯಲ್ಲಂತೂ ತಂಬಾಕಿಗೆ ಗಂಡು ಹೆಣ್ಣು ಎಂಬುದು ಇರಲೇ ಇಲ್ಲ. ಊಟವಾದ ಮೇಲೆ ಜಗುಲಿಯಲ್ಲಿ ಅಜ್ಜನ ಮುಂದೆ ಇರುತ್ತಿದ್ದ ಕವಳದ ಬಟ್ಟಲು, ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಕಡೆಗೂ ಹೋಗುತ್ತಿತ್ತು. ಅಮ್ಮಮ್ಮ ವೀಳ್ಯದೆಲೆಯ ನಾರು ತೆಗೆದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆಯ ಹೋಳಿಟ್ಟು, ಕೊನೆಗೆ ತಂಬಾಕಿನ ಎಸಳೊಂದನ್ನು ಚಿವುಟಿ ಸೇರಿಸುತ್ತಿದ್ದರು. ಅವರ ಮಡಿಲಲ್ಲಿ ಮಲಗಿದಾಗ ಬರುತ್ತಿದ್ದದ್ದು ಮುಡಿದ ಹೂವು, ಸೀರೆಯ ಹೊಗೆ, ಕವಳ ಮೂರೂ ಸೇರಿದ ಪರಿಮಳ. ಹೀಗಿರುವಾಗ ಈ ಬಾಟಲಿ ನಮ್ಮ ಕಡೆಯ ಹೆಂಗಸಿಗೆ ಗಂಡಸಿನ ಸೆಂಟು ಎನಿಸಬೇಕಾದ ಕಾರಣವೇ ಇಲ್ಲ. ನನ್ನ ಸೋದರತ್ತೆ, ವಯಸ್ಸು ಎಂಬತ್ತು ದಾಟಿದವರು, ಇದನ್ನು ಹಾಕಿಕೊಂಡು ಮದುವೆಮನೆಯಲ್ಲಿ ಇಡೀ ದಿನ ಓಡಾಡಿದರು. ಇದು ಆಲೆಮನೆಯ ಪರಿಮಳ ಎನ್ನುವುದು ಅವರ ವಾದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಜೋನಿಬೆಲ್ಲದ ಪಾಕಕ್ಕೆ ಬರುವಾಗ, ಒಲೆಯ ಹೊಗೆಯೂ ಕಬ್ಬಿನ ಸಿಪ್ಪೆಯ ಕಮಟೂ ಸಿಹಿಯ ಜೊತೆಗೆ ಎದ್ದು ಬರುತ್ತವಲ್ಲ, ಅದು. ತಂಬಾಕು ಎಂಬ ಪದವನ್ನೇ ಅವರು ಒಪ್ಪಲಿಲ್ಲ.

ಒಪ್ಪದವರಲ್ಲಿ ಇನ್ನೊಬ್ಬರಿದ್ದಾರೆ, ಅವರ ಕಾರಣ ಬೇರೆ. ಚಿಕ್ಕಪ್ಪನಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ಕೆನ್ನೆಯ ಒಳಗೆ ಎಸಳು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿಯೇ ಹುಣ್ಣು ಎದ್ದದ್ದು, ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಗಂಜಿ ಕುಡಿಯುವುದೂ ಕಷ್ಟವಾದದ್ದು, ಕೊನೆಯ ಮಳೆಗಾಲ, ಎಲ್ಲವನ್ನೂ ಹತ್ತಿರದಿಂದ ಕಂಡವರು ಚಿಕ್ಕಮ್ಮ. ನನ್ನ ಕೈ ಹಿಡಿದು ಮೂಸಿದವರು ಕೈ ಬಿಟ್ಟು, "ಎಂಗೆ ಇದು ಆಗ್ತಿಲ್ಲೆ ತಂಗಿ, ಬೇಜಾರು ಮಾಡ್ಕಳಡ" ಅಂದರು. ಅಷ್ಟು ಹಣ್ಣು, ಅಷ್ಟು ಜೇನಿನ ಕೆಳಗಿದ್ದ ಎಲೆಯನ್ನು ಅವರ ಮೂಗು ಒಂದೇ ಉಸಿರಿಗೆ ಹಿಡಿದಿತ್ತು. ಇಂಥ ಸುಗಂಧಗಳಲ್ಲಿ ಬಹಳಷ್ಟರಲ್ಲಿ ನಿಜವಾದ ತಂಬಾಕಿನ ಸಾರವೇ ಇರುವುದಿಲ್ಲ. ಕೂಮರಿನ್, ಅಯೊನೋನ್, ಜೇನಿನ ವಾಸನೆಯ ವಸ್ತುಗಳನ್ನು ಸೇರಿಸಿ ಆ ಎಲೆಯನ್ನು ಮೂಗಿನ ಮುಂದೆ ನಿಲ್ಲಿಸುತ್ತಾರೆ. ಸಾರವನ್ನು ಬಳಸುವವರಿಗೆ ನಿಕೋಟಿನ್ ತೆಗೆದದ್ದೂ ಸಿಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ಮಾತು, ಆದರೆ ಚಿಕ್ಕಮ್ಮನ ಮುಂದೆ ಅದನ್ನು ಹೇಳಲಿಲ್ಲ. ವಾಸನೆಯ ಸಂದೇಶ ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಬೇರೆ ಇಂದ್ರಿಯಗಳ ಸಂದೇಶಕ್ಕಿಂತ ನೇರವಾದ ದಾರಿಯಲ್ಲಿ ತಲುಪುತ್ತದೆ; ನನ್ನ ವಿವರಣೆ ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಚಿಕ್ಕಪ್ಪ ಆಗಲೇ ಅಲ್ಲಿರುತ್ತಿದ್ದರು. ಈಗ ಅವರ ಮನೆಗೆ ಹೋಗುವ ದಿನ ನಾನು ಇದನ್ನು ಹಾಕಿಕೊಳ್ಳುವುದಿಲ್ಲ, ಹಿಂದಿನ ದಿನ ಹಾಕಿಕೊಂಡ ಸೀರೆಯನ್ನೂ ಉಡುವುದಿಲ್ಲ. ಬಟ್ಟೆಯಲ್ಲಿ ವೆನಿಲಿನ್ ಮತ್ತು ಕೂಮರಿನ್ ಮರುದಿನವೂ ಇರುತ್ತವೆ.

ತಂಬಾಕಿನ ಪರಿಮಳವನ್ನು ಪ್ರೀತಿಸುವುದೂ ತಂಬಾಕನ್ನು ದ್ವೇಷಿಸುವುದೂ ಒಬ್ಬರಲ್ಲೇ ಇರಬಹುದೇ ಎಂದು ಆ ದಿನದ ನಂತರ ಯೋಚಿಸಿದ್ದೇನೆ. ನನ್ನಲ್ಲಿ ಇವೆ. ಎಲೆಯನ್ನು ಬಾಯಿಗೆ ಹಾಕದೆ, ಸುಡದೆ, ಅದರ ಒಣಗಿದ ಪರಿಮಳವನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವಾದದ್ದು ಸುಗಂಧ ಕಟ್ಟುವವರ ಕೆಲಸದಿಂದ, ಮತ್ತು ಅಮ್ಮಮ್ಮನ ಮಡಿಲಿನ ಆ ಭಾಗ ನನಗೆ ಅದರಿಂದಾಗಿ ಉಳಿದಿದೆ ಎಂಬ ಕಾರಣಕ್ಕೆ ನಾನು ಆ ಕೆಲಸವನ್ನು ಗೌರವಿಸುತ್ತೇನೆ.

ಇನ್ನು ಹವೆಯ ಮಾತು. ಸಿಹಿ ತಂಬಾಕಿನ ಸುಗಂಧಗಳನ್ನು ಚಳಿಗಾಲದವು ಎಂದು ಮಾರುತ್ತಾರೆ, ಅದರಲ್ಲಿ ಹುರುಳಿದೆ. ಘಟ್ಟದ ಮೇಲೆ ಡಿಸೆಂಬರಿನ ಬೆಳಗಿನಲ್ಲಿ, ಶಾಲು ಹೊದ್ದು ಕುಳಿತಾಗ, ಇದು ಮೈಗೆ ಅಂಟಿಕೊಂಡು ಮೆಲ್ಲಗೆ ಬಿಡುತ್ತದೆ. ಒಂದೊಂದು ಪದರ ಬೇರೆ ಬೇರೆಯಾಗಿ ಕೇಳುತ್ತದೆ. ಅದೇ ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ, ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸುತ್ತಾ ಅಂಗಿ ಬೆನ್ನಿಗೆ ಅಂಟಿರುವಾಗ, ಶಾಖಕ್ಕೆ ಎಲ್ಲವೂ ಒಟ್ಟಿಗೆ ಮೇಲೆದ್ದು ಜೇನು ಮತ್ತು ವೆನಿಲ್ಲಾ ಮುಖಕ್ಕೆ ರಾಚುತ್ತವೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಕಿಟಕಿಯ ಗಾಜು ಏರಿಸಿದ ಬಸ್ಸಿನಲ್ಲಿ, ಒದ್ದೆ ಕೊಡೆಗಳ ವಾಸನೆ ಮತ್ತು ಡೀಸೆಲ್ಲಿನ ಜೊತೆಗೆ ಘಟ್ಟದ ತಿರುವುಗಳಲ್ಲಿ ಈ ಸಿಹಿ ಸೇರಿದರೆ ಪಕ್ಕದವರಿಗೆ ಹೊಟ್ಟೆ ತೊಳಸುತ್ತದೆ. ಘಟ್ಟ ಹತ್ತುವ ದಿನ ಇದನ್ನು ಬ್ಯಾಗಿನಲ್ಲಿಟ್ಟುಕೊಳ್ಳುವುದು ಸೌಜನ್ಯ. ಕರಾವಳಿಯಲ್ಲಿರುವವರು ಕುತ್ತಿಗೆಗೆ ಹಾಕಿಕೊಳ್ಳದೆ ಮೊಣಕೈಯ ಒಳಬದಿಗೆ, ಸಂಜೆ ಸ್ನಾನವಾದ ಮೇಲೆ, ಒಂದೇ ಒಂದು ಸಲ ಸಿಂಪಡಿಸಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅನುಭವ. ಇದು ಓ ದ ಪರ್ಫ್ಯೂಮ್. ಈ ದರ್ಜೆಯದರಲ್ಲಿ ಸುಗಂಧದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 20ರಷ್ಟಿರುತ್ತದೆ, ಹಾಗಾಗಿ ಒಂದು ಸಲದ್ದೇ ರಾತ್ರಿಯ ಊಟದವರೆಗೆ ಬರುತ್ತದೆ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ. ಉಜ್ಜಿದ ಬಿಸಿಗೆ ಹಣ್ಣಿನ ಭಾಗ ಬೇಗ ಹೋಗಿಬಿಡುತ್ತದೆ, ಮತ್ತು ನನಗೆ ಆ ಅಡೆಮಾವಿನ ಕಾಲು ಗಂಟೆ ಬೇಕು.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಕೇಳುವವರಿಗೆ: ಈ ಸುಗಂಧದ ನಡುಭಾಗ ಬಹಳ ಚೆಂದ, ಕೊನೆಯ ಭಾಗ ಅಗತ್ಯಕ್ಕಿಂತ ಸಿಹಿ. ಹಣ್ಣು ಇಳಿಯುತ್ತಾ ಎಲೆ ಏರುತ್ತಾ ಎರಡೂ ಸಮವಾಗಿ ನಿಲ್ಲುವ ಒಂದು ಹೊತ್ತಿದೆ. ಹಾಕಿಕೊಂಡ ಅರ್ಧ ಗಂಟೆಯ ಆಚೆಗೆ ಅದು ಬರುತ್ತದೆ, ನನ್ನ ಮೈಮೇಲೆ ಎರಡು ಗಂಟೆಯಷ್ಟು ಇರುತ್ತದೆ. ಹದವಾಗಿ ಒಣಗಿದ ಎಲೆಯನ್ನು ಮೂಸಿದವರಿಗೆ ಗೊತ್ತಿರುವ ಆ ಸಣ್ಣ ಕಹಿ, ನಾಲಗೆಯ ಹಿಂಬದಿಗೆ ತಾಗುವ ಒಗರು, ಆಗ ಮಾತ್ರ ಕೇಳುತ್ತದೆ. ಆಮೇಲೆ ವೆನಿಲ್ಲಾ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ಆಯಿಗೆ ಆ ಕೊನೆಯ ಭಾಗವೇ ಇಷ್ಟ, ನನ್ನ ಗಂಡನಿಗೆ ಮೊದಲ ಹತ್ತು ನಿಮಿಷ, ಅಂಕೋಲೆಯವರಿಗೆ ಹುಲ್ಲು. ಬಾಟಲಿಯಲ್ಲಿ ಈಗ ಮೂರನೆಯ ಒಂದು ಪಾಲು ಉಳಿದಿದೆ. ಅದು ಮುಗಿದ ಮೇಲೆ ಇದನ್ನೇ ಮತ್ತೆ ತರಿಸದೆ, ವೆನಿಲ್ಲಾ ಕಡಿಮೆಯಿದ್ದು ದವನ ಮುಂದಿರುವ ತಂಬಾಕಿನ ಸುಗಂಧ ಸಿಗುತ್ತದೆಯೇ ನೋಡುವಂತೆ ಭಾವನಿಗೆ ಹೇಳಿದ್ದೇನೆ. ಭಟ್ಕಳದ ಅಂಗಡಿಯವರು ಚಿಕ್ಕ ಶೀಶೆಗಳಲ್ಲಿ ಮಾದರಿ ಕೊಡುತ್ತಾರಂತೆ. ಸಿಕ್ಕಿದರೆ ಮೊದಲು ಅತ್ತಿಗೆಯ ಕೈಗೂ ನನ್ನ ಕೈಗೂ ಒಟ್ಟಿಗೆ ಹಚ್ಚಿ, ಸಂಜೆಯವರೆಗೆ ಕಾದು ನೋಡುತ್ತೇವೆ.